ಬರೆಯದೇ ಬಿಟ್ಟ ಸೊನ್ನೆಗಳು: ಕಾಡುಹಕ್ಕಿಗಳ ಹಕ್ಕಿಜ್ವರ ನಿಗಾದ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಸರೋವರದ ಹೆಸರಿಲ್ಲ, ಸಂಸ್ಥೆಯ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಯಾವಾಗ ಯಾವ ನಿರ್ಧಾರ ತೆಗೆದುಕೊಂಡೆವು, ಯಾಕೆ ತೆಗೆದುಕೊಂಡೆವು ಅನ್ನುವುದನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ. ತಂಡದಲ್ಲಿ ದಾಖಲೆಯ ಕೆಲಸ ನನ್ನದಾಗಿತ್ತು. ಇಲ್ಲಿ ಬರುವ ದೊಡ್ಡ ತಪ್ಪು ನಾನು ತಯಾರಿಸಿದ ಒಂದು ಹಾಳೆಯಲ್ಲಿತ್ತು. ಬೇರೆ ತಂಡಗಳು ಅದನ್ನೇ ಮಾಡಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಅದೊಂದು ಆಳವಿಲ್ಲದ ದೊಡ್ಡ ಸರೋವರ. ಒಂದು ಬದಿಗೆ ಜೊಂಡು, ಇನ್ನೊಂದು ಬದಿಗೆ ಕೆಸರಿನ ದಂಡೆ, ನಡುವೆ ಸಣ್ಣದೊಂದು ನಡುಗಡ್ಡೆ. ಚಳಿ ಶುರುವಾಗುವ ಮೊದಲು ಸಾವಿರಾರು ಬಾತುಗಳು ಬಂದಿಳಿಯುತ್ತವೆ. ಅವು ವಾಪಸ್ ಹೋದ ಮೇಲೆ ಗಲ್ ಮತ್ತು ರೀವ ಹಕ್ಕಿಗಳು ನಡುಗಡ್ಡೆಯಲ್ಲಿ ಒತ್ತೊತ್ತಾಗಿ ಗೂಡು ಮಾಡುತ್ತವೆ. ದಂಡೆಯಿಂದ ಸ್ವಲ್ಪ ದೂರದಲ್ಲಿ ಕೋಳಿ ಸಾಕುವ ಶೆಡ್‌ಗಳಿದ್ದವು. ನಿಗಾ ಕೆಲಸಕ್ಕೆ ಹಣ ಸಿಕ್ಕಿದ್ದೇ ಆ ಶೆಡ್‌ಗಳ ಕಾರಣಕ್ಕೆ. ಕಾಡುಹಕ್ಕಿಯಲ್ಲಿ ವೈರಸ್ ಕಂಡರೆ ಕೋಳಿ ಸಾಕುವವರಿಗೆ ಬೇಗ ಸುದ್ದಿ ಮುಟ್ಟಿಸಬೇಕು ಅನ್ನುವುದು ಯೋಜನೆ.

ಈ ಯೋಚನೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಈಗ ಜಗತ್ತಿನ ಬಹುಭಾಗಕ್ಕೆ ಹರಡಿರುವ ಎಚ್5ಎನ್1 ಎಂಬ ಹಕ್ಕಿಜ್ವರ ವೈರಸ್ ವಂಶದ ಮೂಲ 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಸಾಕು ಹೆಬ್ಬಾತುಗಳಲ್ಲಿ ಸಿಕ್ಕಿತು. ಸಾಕಿದ ಹಕ್ಕಿಯಿಂದ ಅದು ಕಾಡುಹಕ್ಕಿಗೆ ದಾಟಿತು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆಯ ಹೆಬ್ಬಾತುಗಳೂ ಸೇರಿ ಸಾವಿರಾರು ಕಾಡುಹಕ್ಕಿಗಳು ಸತ್ತವು. ಅಂದರೆ ಈ ರೋಗದಲ್ಲಿ ಕಾಡುಹಕ್ಕಿ ವೈರಸ್ ಹೊತ್ತು ತಿರುಗುವ ವಾಹನ ಮಾತ್ರ ಅಲ್ಲ, ಅದೂ ರೋಗಿಯೇ. ನಮ್ಮ ಯೋಜನೆಯಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ. ಆಮೇಲೆ ಆದ ಎಡವಟ್ಟುಗಳಲ್ಲಿ ಹಲವು ಶುರುವಾಗಿದ್ದು ಇಲ್ಲಿಂದಲೇ ಅಂತ ನನಗೆ ಈಗ ಅನಿಸುತ್ತದೆ.

ಮೊದಲ ಎರಡು ವರ್ಷ ಬಾತುಗಳ ಮೇಲೆಯೇ ನಮ್ಮ ಗಮನ ಇತ್ತು. ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ಹಕ್ಕಿಜ್ವರದ ವೈರಸ್ ಇನ್‌ಫ್ಲುಯೆಂಜಾ ಎ ಗುಂಪಿನದು. ಎಚ್1ರಿಂದ ಎಚ್16ರವರೆಗಿನ ಬಗೆಯ ಈ ವೈರಸ್‌ಗಳ ಸಹಜ ನೆಲೆ ನೀರುಹಕ್ಕಿಗಳು. ಅದರಲ್ಲೂ ನೀರಿನ ಮೇಲ್ಪದರದಲ್ಲಿ ಮೇಯುವ ಬಾತುಗಳು ಕಾಯಿಲೆಯ ಲಕ್ಷಣ ತೋರಿಸದೆ ವೈರಸ್ ಹೊತ್ತಿರುತ್ತವೆ. ಆ ವರ್ಷ ಹುಟ್ಟಿದ ಮರಿಗಳಿಗೆ ಹಳೆಯ ಸೋಂಕಿನ ರಕ್ಷಣೆ ಇರುವುದಿಲ್ಲ. ಹಾಗಾಗಿ ವಲಸೆಗೆ ಮುಂಚೆ ಅವು ಗುಂಪು ಸೇರುವ ಹೊತ್ತಿಗೆ ಸೋಂಕು ಜಾಸ್ತಿ. ನಾವು ಬೋನಿಟ್ಟು ಬಾತು ಹಿಡಿದು, ಮಲದ್ವಾರದಿಂದ ಸ್ವಾಬ್ ತೆಗೆದು, ಟ್ಯೂಬನ್ನು ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಿದ್ದೆವು. ಕೆಲವು ಸ್ವಾಬ್‌ಗಳಲ್ಲಿ ವೈರಸ್ ಸಿಕ್ಕಿತು. ಆದರೆ ಅದು ಎಚ್5 ಅಲ್ಲ, ಎಚ್7 ಕೂಡ ಅಲ್ಲ. ತೀವ್ರ ರೂಪ ತಾಳುವುದು ಆ ಎರಡೇ ಬಗೆ. ವರ್ಷಕ್ಕೆ ಸುಮಾರು 150 ಬಾತು, ಎರಡು ವರ್ಷವೂ ಎಚ್5 ಸೊನ್ನೆ. ವರದಿಯಲ್ಲಿ "ಸರೋವರ ಸುರಕ್ಷಿತ" ಎಂದು ಬರೆದುಬಿಟ್ಟೆವು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಅವತ್ತೇ ಇದನ್ನು ಮಾಡಿದ್ದರೆ ಆ ಪದ ಬರೆಯುತ್ತಿರಲಿಲ್ಲ. 150 ಹಕ್ಕಿಗಳಲ್ಲಿ ಒಂದರಲ್ಲೂ ವೈರಸ್ ಸಿಗಲಿಲ್ಲ ಅಂದರೆ ಇಡೀ ಗುಂಪಿನಲ್ಲಿ ಇಲ್ಲ ಅಂತ ಅರ್ಥವಲ್ಲ. ಇದಕ್ಕೊಂದು ಸುಲಭ ಸೂತ್ರ ಇದೆ: ಮೂರನ್ನು ಪರೀಕ್ಷಿಸಿದ ಹಕ್ಕಿಗಳ ಸಂಖ್ಯೆಯಿಂದ, ಅಂದರೆ 150ರಿಂದ, ಭಾಗಿಸಿ, ಶೇಕಡಾ 2 ಬರುತ್ತದೆ. ನೂರಕ್ಕೆ ತೊಂಬತ್ತೈದರ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಸೋಂಕು ಶೇಕಡಾ 2ಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ. ನೀರಿನ ಮೇಲೆ ಹತ್ತು ಸಾವಿರ ಬಾತುಗಳಿದ್ದರೆ ಶೇಕಡಾ 2 ಅಂದರೆ ಇನ್ನೂರು ಹಕ್ಕಿ. ಅದೂ ನಾವು ಹಿಡಿದ ಬಾತುಗಳು ಇಡೀ ಗುಂಪನ್ನು ಸರಿಯಾಗಿ ಪ್ರತಿನಿಧಿಸುತ್ತವೆ ಎಂದುಕೊಂಡರೆ. ನಮ್ಮ ಬೋನಿಗೆ ಬೀಳುತ್ತಿದ್ದದ್ದು ಕಾಳಿನ ಆಸೆಗೆ ಬರುವ ಬಾತುಗಳು ಮಾತ್ರ. ಕಾಯಿಲೆಯಿಂದ ಜೊಂಡಿನೊಳಗೆ ಮುದುಡಿ ಕೂತ ಹಕ್ಕಿ ಬೋನಿಗೆ ಯಾಕೆ ಬರುತ್ತದೆ?

ಸಾವುಗಳು

ಮೂರನೆಯ ವರ್ಷ ಬಾತುಗಳು ಹೋದವು. ನಾವು ಬೋನು ಎತ್ತಿಟ್ಟೆವು. ದಂಡೆಯ ಸುತ್ತು ಮುಂದುವರಿಯಿತು. ಸತ್ತ ಹಕ್ಕಿ ಕಂಡರೆ ನನ್ನ ಹಾಳೆಯಲ್ಲಿ ಒಂದು ಸಾಲು ತುಂಬಬೇಕು, ಕಾಣದಿದ್ದರೆ ಏನೂ ಬರೆಯಬೇಕಿಲ್ಲ. ಹಾಳೆ ಚೊಕ್ಕವಾಗಿರಲಿ ಅಂತ ನಾನೇ ಹಾಗೆ ಮಾಡಿದ್ದೆ.

ಗೂಡು ಕಟ್ಟುವ ಕಾಲದ ನಡುವೆ ಒಂದು ಬೆಳಗ್ಗೆ ಕೆಸರಿನ ದಂಡೆಯಲ್ಲಿ ಮೂರು ಗಲ್‌ಗಳು ಸತ್ತು ಬಿದ್ದಿದ್ದವು. ಹಾಳೆಯಲ್ಲಿ ಆ ಕಾಲದ ಮೊದಲ ಸಾಲು ಅದು. ಲೆಕ್ಕಕ್ಕೆ ಸುಲಭವಾಗಲಿ ಎಂದು ಅದನ್ನು ಒಂದನೇ ದಿನ ಎನ್ನೋಣ.

ಪಶುವೈದ್ಯರು ಬಂದು ನೋಡಿದರು. ಹತ್ತಿರದಲ್ಲೇ ನಾಲ್ಕನೆಯ ಗಲ್ ಜೀವ ಇಟ್ಟುಕೊಂಡು ಬಿದ್ದಿತ್ತು. ರೆಕ್ಕೆ ಜೋತಿತ್ತು, ಕುತ್ತಿಗೆಯಲ್ಲಿ ಬಲ ಇರಲಿಲ್ಲ. ಬಿಸಿಲು ಜೋರಾಗಿತ್ತು, ನೀರು ಇಳಿದಿತ್ತು. ಹಿಂದಿನ ವರ್ಷ ಇದೇ ದಂಡೆಯಲ್ಲಿ ಇದೇ ಹವೆಯಲ್ಲಿ ಬಾಟುಲಿಸಂ ಎಂಬ ವಿಷರೋಗ ಬಂದು ಹಕ್ಕಿಗಳು ಸತ್ತಿದ್ದವು. "ಮತ್ತೆ ಅದೇ ಬಂತು" ಅಂದರು. ನಾವೂ ತಲೆಯಾಡಿಸಿದೆವು.

ಆ ಊಹೆಯನ್ನು ಬೇಜವಾಬ್ದಾರಿ ಎನ್ನಲು ನನಗೆ ಮನಸ್ಸಿಲ್ಲ. ಬಾಟುಲಿಸಂ ನೀರುಹಕ್ಕಿಗಳ ದೊಡ್ಡ ಶತ್ರು. ಬಿಸಿಯಾದ, ಆಮ್ಲಜನಕ ಕಡಿಮೆಯಾದ ಕೆಸರಿನಲ್ಲಿ ಆ ಬ್ಯಾಕ್ಟೀರಿಯಾ ವಿಷ ತಯಾರಿಸುತ್ತದೆ. ಸತ್ತ ಹಕ್ಕಿಯ ಮೇಲೆ ಹುಳು ಬೆಳೆಯುತ್ತವೆ. ಆ ಹುಳುಗಳಲ್ಲಿ ವಿಷ ಸೇರಿಕೊಳ್ಳುತ್ತದೆ. ಹುಳು ತಿಂದ ಹಕ್ಕಿ ಸಾಯುತ್ತದೆ, ಅದರ ಮೇಲೆ ಮತ್ತೆ ಹುಳು. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಹೀಗೆಯೇ ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಹೀಗಿರುವಾಗ ವೈದ್ಯರಿಗೆ ಮೊದಲು ಅದೇ ಹೊಳೆದದ್ದು ಸಹಜ.

ತಪ್ಪಾಗಿದ್ದು ಆಮೇಲೆ. ಮಾದರಿ ತೆಗೆಯುವಾಗ ನಾವು ಎರಡೂ ರೋಗಗಳನ್ನು ಸಮವಾಗಿ ನೋಡಲಿಲ್ಲ. ವಿಷದ ಪರೀಕ್ಷೆಗೆ ಕಾಳಜಿಯಿಂದ ರಕ್ತ ತೆಗೆದು ಕಳಿಸಿದೆವು. ಹಕ್ಕಿಜ್ವರಕ್ಕೆ "ಇರಲಿ, ಒಂದು ಸ್ವಾಬೂ ಹೋಗಲಿ" ಅಂದೆವು. ಕೈಯಲ್ಲಿದ್ದದ್ದು ಬಾತುಗಳಿಗೆ ಬಳಸುತ್ತಿದ್ದ ಕಿಟ್. ರೂಢಿಯಂತೆ ಮಲದ್ವಾರದ ಸ್ವಾಬ್ ಮಾತ್ರ ತೆಗೆದೆವು. ಆ ಮೂರು ಗಲ್‌ಗಳ ಹೊಟ್ಟೆ ಆಗಲೇ ಉಬ್ಬಿತ್ತು, ಕಣ್ಣು ಒಳಗೆ ಹೋಗಿತ್ತು. ಎಷ್ಟೋ ದಿನ ಬಿಸಿಲಲ್ಲಿ ಬಿದ್ದಿದ್ದ ಹೆಣಗಳವು.

ಆರನೇ ದಿನ ಲ್ಯಾಬಿನಿಂದ ಉತ್ತರ ಬಂತು: ಇನ್‌ಫ್ಲುಯೆಂಜಾ ಎ ಪತ್ತೆಯಾಗಿಲ್ಲ. ಅವರು ಬರೆದದ್ದು "ಪತ್ತೆಯಾಗಿಲ್ಲ". ನಾವು ಓದಿಕೊಂಡದ್ದು "ಇಲ್ಲ". ವಿಷದ ವರದಿ ಇನ್ನೂ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ದಂಡೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಹೆಣ ಸಿಗುತ್ತಿದ್ದವು. ಹೆಣ ಎತ್ತುವ ಕೆಲಸ ನಡೆದೇ ಇತ್ತು. ಬಾಟುಲಿಸಂ ಆಗಲಿ, ಹಕ್ಕಿಜ್ವರ ಆಗಲಿ, ಹೆಣ ಎತ್ತುವುದು ಸರಿಯಾದ ಕೆಲಸವೇ. ಆದರೆ ಕೈಗೆ ಗ್ಲೌಸ್ ಬಿಟ್ಟರೆ ಎತ್ತುವವರಿಗೆ ಬೇರೆ ರಕ್ಷಣೆ ಇರಲಿಲ್ಲ. ಮಾಸ್ಕ್ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಎದೆ ಧಸಕ್ಕೆನ್ನುತ್ತದೆ.

ಮೊಬೈಲ್‌ನಲ್ಲಿದ್ದ ನಲವತ್ತು ಸೆಕೆಂಡು

ಎಂಟನೇ ದಿನ ಸಂಜೆ ತಂಡದ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದಳು. "ಡಾಕ್ಟ್ರೇ, ಇದನ್ನೊಂದು ಸಲ ನೋಡಿ. ಇದಕ್ಕೆ ಬಲ ಇದೆ, ಆದ್ರೂ ಸರಿಯಿಲ್ಲ." ವೀಡಿಯೋದಲ್ಲಿ ಒಂದು ಗಲ್ ನೀರಿನ ಮೇಲೆ ಸುತ್ತು ಹಾಕುತ್ತಿತ್ತು, ಒಂದೇ ದಿಕ್ಕಿಗೆ, ಮತ್ತೆ ಮತ್ತೆ. ತಲೆ ಹಿಂದಕ್ಕೆ ತಿರುಚಿಕೊಂಡು ಬೆನ್ನಿಗೆ ತಾಗುತ್ತಿತ್ತು. ಮೈ ನಡುಗುತ್ತಿತ್ತು.

ವೈದ್ಯರು ಎರಡು ಸಲ ನೋಡಿದರು. ಏನೂ ಮಾತಾಡಲಿಲ್ಲ. ಮೂರನೆಯ ಸಲ ನೋಡಿ, "ನಾನು ತಪ್ಪು ಹೇಳಿದೆ. ಇದು ಬಾಟುಲಿಸಂ ಅಲ್ಲ" ಅಂದರು.

ಬಾಟುಲಿಸಂ ಬಂದರೆ ಸ್ನಾಯು ಸಡಿಲಾಗುತ್ತದೆ. ಕಾಲು, ರೆಕ್ಕೆ, ಕಣ್ಣಿನ ಒಳರೆಪ್ಪೆ, ಕೊನೆಗೆ ಕುತ್ತಿಗೆ. ತಲೆ ಎತ್ತಲಾರದೆ ಎಷ್ಟೋ ಹಕ್ಕಿಗಳು ನೀರಲ್ಲಿ ಮುಳುಗಿ ಸಾಯುತ್ತವೆ. ತಲೆ ತಿರುಚುವುದು, ನಡುಗುವುದು, ಸುತ್ತು ಹಾಕುವುದು ಮಿದುಳಿಗೆ ಪೆಟ್ಟು ಬಿದ್ದಿದೆ ಅನ್ನುವುದರ ಸೂಚನೆ. ತೀವ್ರ ಹಕ್ಕಿಜ್ವರ ಮಿದುಳನ್ನು ಹಿಡಿಯುತ್ತದೆ. ರಾಣಿಖೇತ್ ಎಂಬ ಹಕ್ಕಿಗಳ ಇನ್ನೊಂದು ವೈರಸ್ ರೋಗದಲ್ಲೂ ಹೀಗೆ ಆಗಬಹುದು, ಅದನ್ನೂ ಪರೀಕ್ಷಿಸಿ ಬದಿಗಿಡಬೇಕು. ಆದರೆ ಸಾಯುವ ಹಂತ ಮುಟ್ಟಿದ ಹಕ್ಕಿ ಯಾವ ರೋಗವಾದರೂ ಜೋತುಬೀಳುತ್ತದೆ. ನಾವು ಒಂದನೇ ದಿನ ನೋಡಿದ್ದು ಅಂಥ ಕೊನೆಯ ಹಂತದ ಹಕ್ಕಿಯನ್ನು.

ಎಲ್ಲರ ಮುಂದೆ ತಪ್ಪೊಪ್ಪಿಕೊಂಡ ಆ ವೈದ್ಯರ ಬಗ್ಗೆ ನನಗೆ ತುಂಬ ಗೌರವ. ಮರುದಿನ ಬೆಳಗಿನ ಜಾವ, ಬಿಸಿಲೇರುವ ಮೊದಲು, ಪೂರ್ತಿ ರಕ್ಷಣೆ ಧರಿಸಿ ಹೋದರು. ರಾತ್ರಿ ಸತ್ತಿದ್ದ ಐದು ಗಲ್ ಮತ್ತು ಎರಡು ರೀವ ಆರಿಸಿದರು. ಗಂಟಲಿನ ಸ್ವಾಬ್, ಮಲದ್ವಾರದ ಸ್ವಾಬ್ ಬೇರೆಬೇರೆ ಟ್ಯೂಬಿಗೆ ಹಾಕಿದರು, ಮಿದುಳಿನ ತುಣುಕನ್ನೂ ತೆಗೆದರು. ಈಗ ಹರಡುತ್ತಿರುವ, 2.3.4.4ಬಿ ಎಂದು ಹೆಸರಿಟ್ಟ ಎಚ್5 ಗುಂಪಿನ ವೈರಸ್ ಮಲಕ್ಕಿಂತ ಗಂಟಲಿನಲ್ಲಿ ಜಾಸ್ತಿ ಸಿಗುತ್ತದೆ. ಸೌಮ್ಯ ರೂಪದ ವೈರಸ್ ಕರುಳಿನಲ್ಲಿ ಬೆಳೆಯುವುದರಿಂದ ಬಾತುಗಳಿಗೆ ಮಲದ್ವಾರದ ಸ್ವಾಬ್ ಸಾಕಾಗುತ್ತಿತ್ತು. ಒಂದು ವೈರಸ್ಸಿಗೆ ಹೊಂದುವ ರೂಢಿಯನ್ನು ನಾವು ಇನ್ನೊಂದಕ್ಕೂ ಹಾಗೇ ಬಳಸಿದ್ದೆವು.

ಹನ್ನೊಂದನೇ ದಿನ ಫೋನ್ ಬಂತು. ಏಳರಲ್ಲಿ ಏಳೂ ಪಾಸಿಟಿವ್, ಏಳೂ ಎಚ್5. ಎರಡು ಹಕ್ಕಿಗಳ ಮಲದ್ವಾರದ ಸ್ವಾಬ್‌ನಲ್ಲಿ ಏನೂ ಸಿಕ್ಕಿರಲಿಲ್ಲ, ಆದರೆ ಅದೇ ಹಕ್ಕಿಗಳ ಮಿದುಳಿನಲ್ಲಿ ವೈರಸ್ ತುಂಬಿತ್ತು. ಮುಂದಿನ ಹಂತದ ಲ್ಯಾಬ್ ವೈರಸ್ಸಿನ ಜೀನ್ ಓದಿ, ತೀವ್ರ ರೂಪದ ಎಚ್5ಎನ್1 ಎಂದು ಖಚಿತಪಡಿಸಿತು.

ಎರಡು ಕಷ್ಟದ ನಿರ್ಧಾರ

ಕೆಲವು ಕೆಲಸಗಳಿಗೆ ಚರ್ಚೆ ಬೇಕಿರಲಿಲ್ಲ. ದಂಡೆಯ ದಾರಿ ಮುಚ್ಚಿಸಿದೆವು. ಕೋಳಿ ಸಾಕುವವರಿಗೆ ಅವತ್ತೇ ತಿಳಿಸಿದೆವು. ಹೆಣ ಮುಟ್ಟಿದವರೆಲ್ಲ ಹತ್ತು ದಿನ ಜ್ವರ, ಕೆಮ್ಮು, ಕಣ್ಣುರಿ ಇದೆಯಾ ಎಂದು ದಿನವೂ ಬರೆದಿಟ್ಟರು. ಯಾರಿಗೂ ಏನೂ ಆಗಲಿಲ್ಲ. ದಂಡೆ ಕಾಯುವ ಹಿರಿಯರ ನಾಯಿಯನ್ನು ಕಟ್ಟಿಹಾಕಿಸಿದೆವು. ಹೆಣ ತಿಂದ ನರಿಗಳಿಗೆ ಈ ವೈರಸ್ ತಗುಲಿದ್ದು ಹಲವು ದೇಶಗಳಲ್ಲಿ ದಾಖಲಾಗಿದೆ.

ನಡುಗಡ್ಡೆಯನ್ನು ಏನು ಮಾಡುವುದು ಅನ್ನುವುದು ಮೊದಲ ಕಷ್ಟ. "ಹಕ್ಕಿಗಳನ್ನು ಓಡಿಸಿಬಿಡಿ" ಎಂಬ ಒತ್ತಡ ಹೊರಗಿನಿಂದ ಬಂತು. ಅದಕ್ಕೆ ಒಪ್ಪಲಿಲ್ಲ. ಓಡಿಸಿದರೆ ಸೋಂಕು ತಗುಲಿದ ಹಕ್ಕಿಗಳು ಹತ್ತು ಕಡೆ ಹೋಗಿ ಕೂರುತ್ತವೆ. ಕಾಡುಹಕ್ಕಿಗಳನ್ನು ಕೊಂದು ಅಥವಾ ಚದುರಿಸಿ ಈ ರೋಗ ತಡೆಯಬೇಡಿ ಎಂದು ಅಂತರರಾಷ್ಟ್ರೀಯ ಪ್ರಾಣಿ ಆರೋಗ್ಯ ಮತ್ತು ಆಹಾರ ಸಂಸ್ಥೆಗಳೂ ಹೇಳುತ್ತಾ ಬಂದಿವೆ. ಆದರೆ ಅಲ್ಲಿನ ಹೆಣಗಳನ್ನು ತೆಗೆಯಬೇಕೋ ಬಿಡಬೇಕೋ? ತೆಗೆಯಲು ಹೋದರೆ ತಾಯಿಹಕ್ಕಿ ಏಳುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ. ಬಿಟ್ಟರೆ ಹೆಣದಿಂದ ವೈರಸ್ ಹರಡುತ್ತದೆ. 2022ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಯಾಂಡ್‌ವಿಚ್ ರೀವಗಳು ಒಂದೇ ಕಾಲದಲ್ಲಿ ಸಾವಿರಗಟ್ಟಲೆ ಸತ್ತಿದ್ದವು. ಅಷ್ಟು ಒತ್ತಾಗಿ ಗೂಡು ಕಟ್ಟುವ ಹಕ್ಕಿಗಳಲ್ಲಿ ಹೆಣ ಬಿಟ್ಟುಬಿಡಲು ನಮಗೆ ಧೈರ್ಯ ಬರಲಿಲ್ಲ. ವಾರಕ್ಕೊಮ್ಮೆ, ಇಬ್ಬರೇ, ನಸುಕಿನಲ್ಲಿ, ಇಪ್ಪತ್ತು ನಿಮಿಷದೊಳಗೆ ಮುಗಿಸಿ ಬರುವುದೆಂದು ಒಪ್ಪಿಕೊಂಡೆವು. ತಂಡದಲ್ಲಿ ಇಬ್ಬರು ಕೊನೆಯವರೆಗೂ ಇದನ್ನು ಒಪ್ಪಲಿಲ್ಲ, ಅವರ ವಾದದಲ್ಲೂ ಹುರುಳಿತ್ತು.

ಎರಡನೆಯ ಪ್ರಶ್ನೆ ನನ್ನ ಮೇಜಿಗೆ ಬಂತು. ಇದು ಯಾವತ್ತು ಶುರುವಾಯಿತು?

ಯಾರಾದರೂ ಕೇಳಬಹುದು, ಅದು ಗೊತ್ತಾಗಿ ಏನಾಗಬೇಕು ಅಂತ. ತುಂಬ ಆಗಬೇಕಿತ್ತು. ಹಿಂದಿನ ವಾರಗಳಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ತಂಡ ನಡುಗಡ್ಡೆಗೆ ಹೋಗಿ ಬಂದಿತ್ತು. ಮರುದಿನ ಅದೇ ಬೂಟು, ಅದೇ ದೋಣಿಯೊಂದಿಗೆ ಬೇರೊಂದು ಸರೋವರಕ್ಕೂ ಹೋಗಿತ್ತು. ಆಗ ಇಲ್ಲಿ ವೈರಸ್ ಇತ್ತೇ? ಇದ್ದರೆ ಆ ಸರೋವರವನ್ನೂ ಹುಡುಕಬೇಕು.

ನನ್ನ ಹಾಳೆ ತೆಗೆದೆ. ಒಂದನೇ ದಿನಕ್ಕೆ ಮುಂಚೆ ಖಾಲಿ. ಆ ಖಾಲಿಗೆ ಎರಡು ಅರ್ಥ ಇರಬಹುದಿತ್ತು. ಯಾರೋ ಇಡೀ ದಂಡೆ ನಡೆದು ಒಂದೂ ಹೆಣ ಕಾಣಲಿಲ್ಲ, ಅಥವಾ ಯಾರೂ ನಡೆಯಲೇ ಇಲ್ಲ. ಎರಡೂ ನನ್ನ ಹಾಳೆಯಲ್ಲಿ ಒಂದೇ ಥರ ಕಾಣುತ್ತಿದ್ದವು. ವಿದ್ಯಾರ್ಥಿಗಳನ್ನು ಕೇಳಿದೆ. "ಹೋಗಿದ್ವಿ ಅನ್ಸುತ್ತೆ. ಪರೀಕ್ಷೆ ಇತ್ತಲ್ವಾ, ಒಂದೆರಡು ಸಲ ತಪ್ಪಿರಬಹುದು." ಮೂವರ ನೆನಪು ಮೂರು ಥರ. ಎರಡು ವರ್ಷ ಪ್ರೀತಿಯಿಂದ ಕಾಪಾಡಿದ ದಾಖಲೆ ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಕಾವಲಿನ ಹಿರಿಯರ ಪುಸ್ತಕ

ಉತ್ತರ ಸಿಕ್ಕಿದ್ದು ದಂಡೆ ಕಾಯುವ ಹಿರಿಯರ ಹತ್ತಿರ. ನಾಯಿ ಕಟ್ಟಿದ್ದಾರಾ ಎಂದು ನೋಡಲು ಹೋದಾಗ ನನ್ನ ಖಾಲಿ ಹಾಳೆಯ ವಿಷಯ ಸುಮ್ನೆ ಮಾತಿಗೆ ಹೇಳಿದೆ. ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಪುಟದ ತುಂಬ ತಾರೀಖು, ಪಕ್ಕದಲ್ಲಿ ಒಂದೊಂದೇ ಮಾತು. ಇಲ್ಲ. ಇಲ್ಲ. ಇಲ್ಲ. ಒಂದು ರೀವ. ಇಲ್ಲ. ಎರಡು ಬಿಳಿ ದೊಡ್ಡದು, ಒಂದು ಹಳೇದು. ಇಲ್ಲ. ನಾಲ್ಕು.

ಏನೂ ಸಿಗದ ದಿನವೂ ಯಾಕೆ ಬರೆದಿರಿ ಎಂದು ಕೇಳಿದೆ. "ಬರೀದಿದ್ರೆ ನಾನು ಆ ದಿನ ನಡೆದೆನೋ ಮಲಗಿದ್ದೆನೋ, ಯಾರಿಗೆ ಗೊತ್ತಾಗುತ್ತೆ?" ಅಂದರು.

ನನಗೆ ಬಾಯಿ ಕಟ್ಟಿದಂತಾಯಿತು. ನಿಗಾ ಕೆಲಸದ ತಿರುಳು ಅದೇ ಆಗಿತ್ತು, ನಾನು ತಯಾರಿಸಿದ ಹಾಳೆಯಲ್ಲಿ ಅದೇ ಇರಲಿಲ್ಲ.

ಆ ಪುಸ್ತಕದ ಪ್ರಕಾರ ಮೊದಲ ಸಾವು ನಮ್ಮ ಒಂದನೇ ದಿನಕ್ಕಿಂತ ಒಂಬತ್ತು ದಿನ ಮೊದಲು. ಸತ್ತಿದ್ದು ಗಲ್ ಅಲ್ಲ, ಜೊಂಡಿನ ಬದಿಯಲ್ಲಿ ಒಂದು ರೀವ. ಅದಕ್ಕೆ ಮುಂಚಿನ ಹತ್ತೊಂಬತ್ತು ದಿನವೂ "ಇಲ್ಲ". ಆ ಒಂದು ರೀವ ಬೇರೆ ಕಾರಣಕ್ಕೂ ಸತ್ತಿರಬಹುದು ನಿಜ. ಆದರೆ ಅದರ ಮುಂದಿನ ಸಾಲುಗಳು ಹೇಗೆ ಏರಿದವೆಂದು ನೋಡಿದರೆ ಸಂಶಯ ಉಳಿಯುತ್ತಿರಲಿಲ್ಲ. ಹತ್ತೊಂಬತ್ತು "ಇಲ್ಲ"ಗಳು ಇರದಿದ್ದರೆ ಆ ಏರಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಉಂಗುರದ ತಂಡ ಹೋಗಿದ್ದು ಸರಿಯಾಗಿ ಆ ಒಂಬತ್ತು ದಿನಗಳ ನಡುವೆ. ಅವತ್ತೇ ಅವರಿಗೆ ಫೋನ್ ಮಾಡಿದೆವು. ಎರಡನೆಯ ಸರೋವರದಲ್ಲಿ ಮೂರು ವಾರ ದಿನವೂ ಹುಡುಕಿದರು. ಅಲ್ಲಿ ಹಕ್ಕಿಗಳು ಸಾಯಲಿಲ್ಲ.

ಏನಾಯಿತು

ಸಾವು ಮೂರನೆಯ ವಾರದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯಿತು. ನಾವು ಎತ್ತಿದ ಹೆಣಗಳು ನಾನೂರಕ್ಕೂ ಹೆಚ್ಚು. ಬಹುಪಾಲು ಗಲ್, ಅದರಲ್ಲೂ ಹಾರಲು ಬಾರದ ಮರಿಗಳು ಜಾಸ್ತಿ. ಕೋಳಿ ಶೆಡ್‌ಗಳಿಗೆ ರೋಗ ತಲುಪಲಿಲ್ಲ.

ನಾನೂರು ಅನ್ನುವುದು ಎಷ್ಟರಲ್ಲಿ ನಾನೂರು? ಇದಕ್ಕೂ ಹಾಳೆಯಲ್ಲಿ ಉತ್ತರ ಇರಲಿಲ್ಲ. ಬದುಕಿದ್ದ ಹಕ್ಕಿಗಳನ್ನು ನಾವು ಎಣಿಸಿರಲಿಲ್ಲ. ಗೂಡಿನ ಅಂತರದ ಬಗ್ಗೆ ಅಧ್ಯಯನ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬ ಆ ಕಾಲದ ಶುರುವಿನಲ್ಲಿ ಮೇಲಿಂದ ತೆಗೆದ ಡ್ರೋನ್ ಚಿತ್ರ ಒಂದಿತ್ತು. ಅದರಲ್ಲಿ ಗೂಡು ಎಣಿಸಿ, ಮರಿಗಳನ್ನು ಬಿಟ್ಟು ಬೆಳೆದ ಹಕ್ಕಿಗಳಲ್ಲಿ ಸುಮಾರು ಎಂಟಕ್ಕೊಂದು ಸತ್ತಿರಬೇಕು ಎಂದು ಅಂದಾಜು ಮಾಡಿದೆವು. ನೀರಲ್ಲಿ ಮುಳುಗಿದವು, ನರಿ ಒಯ್ದವು, ಬೇರೆಲ್ಲೋ ಹೋಗಿ ಸತ್ತವು ಇದರಲ್ಲಿ ಇಲ್ಲ.

ಹೆಣ ತೆಗೆದದ್ದರಿಂದ ಸಾವು ಕಡಿಮೆಯಾಯಿತೇ? ಹೋಲಿಸಿ ನೋಡಲು ಇನ್ನೊಂದು ನಡುಗಡ್ಡೆ ಇರಲಿಲ್ಲ. ಹಾಗಾಗಿ ವರದಿಯಲ್ಲಿ "ತೆಗೆದೆವು" ಎಂದಷ್ಟೇ ಬರೆದೆವು, "ಉಪಯೋಗವಾಯಿತು" ಎಂದು ಬರೆಯಲಿಲ್ಲ. ಮರುವರ್ಷ ಆರೋಗ್ಯವಾಗಿ ಕಂಡ ಕೆಲವು ಗಲ್‌ಗಳ ರಕ್ತದಲ್ಲಿ ಎಚ್5ರ ಪ್ರತಿಕಾಯ ಸಿಕ್ಕಿತು, ಸೋಂಕು ತಗುಲಿ ಬದುಕಿ ಉಳಿದವು ಅವು. ಸ್ಕಾಟ್‌ಲೆಂಡಿನ ಬ್ಯಾಸ್ ರಾಕ್‌ನಲ್ಲಿ 2022ರ ಸಾವುಗಳ ನಂತರ ಬದುಕುಳಿದ ಕೆಲವು ಗ್ಯಾನೆಟ್ ಎಂಬ ಕಡಲಹಕ್ಕಿಗಳ ತಿಳಿನೀಲಿ ಕಣ್ಣು ಕಪ್ಪಾಗಿತ್ತು, ಅಂಥವುಗಳಲ್ಲಿ ಹೆಚ್ಚಿನವುಗಳ ರಕ್ತದಲ್ಲೂ ಪ್ರತಿಕಾಯ ಇತ್ತು. ನಮ್ಮ ಗಲ್‌ಗಳ ಕಣ್ಣಲ್ಲಿ ಅಂಥ ಗುರುತು ಕಾಣಲಿಲ್ಲ. ಆದರೂ ರಕ್ತದ ವರದಿ ಓದಿದ ದಿನ ತಂಡದಲ್ಲಿ ಎಲ್ಲರ ಮುಖ ಅರಳಿತ್ತು.

ಬದಲಿಸಿದ್ದು

ಬಾತುಗಳ ಸ್ವಾಬ್ ನಿಲ್ಲಿಸಲಿಲ್ಲ, ಕಡಿಮೆ ಮಾಡಿದೆವು. ಈಗ ಗಂಟಲು, ಮಲದ್ವಾರ ಎರಡೂ ತೆಗೆಯುತ್ತೇವೆ. ಸೌಮ್ಯ ವೈರಸ್‌ಗಳ ಓಡಾಟ ತಿಳಿಯಲು ಬದುಕಿರುವ ಬಾತು ಬೇಕು. ತೀವ್ರ ವೈರಸ್ ಬಂದಿದೆಯಾ ಎಂದು ಬೇಗ ತಿಳಿಯಲು ಸತ್ತ ಹಕ್ಕಿ ಬೇಕು. ಉಳಿದ ಹಣ, ಸಮಯ ಎಲ್ಲ ದಂಡೆಯ ನಡಿಗೆಗೆ ಹೋಯಿತು.

ನಡಿಗೆಗೆ ಈಗ ಗೊತ್ತಾದ ದಾರಿ ಇದೆ, ಗೊತ್ತಾದ ದಿನಗಳಿವೆ. ಹಾಳೆಯ ಮೊದಲ ಪ್ರಶ್ನೆ "ಏನು ಸಿಕ್ಕಿತು" ಅಲ್ಲ, "ಪೂರ್ತಿ ನಡೆದಿರಾ?" ಆಮೇಲೆ ಬದುಕಿರುವ ಹಕ್ಕಿಗಳ ಎಣಿಕೆ. ಆಮೇಲೆ ಸತ್ತವು, ಜಾತಿವಾರು, ಸೊನ್ನೆ ಇದ್ದರೆ ಸೊನ್ನೆ. ಹೆಣ ತಾಜಾ, ಉಬ್ಬಿದ್ದು, ಒಣಗಿದ್ದು ಎಂದು ಗುರುತು ಮಾಡಬೇಕು, ತಾಜಾ ಇದ್ದರೆ ಮಾತ್ರ ಮಾದರಿ. ಎತ್ತಲಾಗದ ಹೆಣಕ್ಕೆ ಬಣ್ಣ ಹಾಕಬೇಕು, ಮರುದಿನ ಎರಡು ಸಲ ಎಣಿಸಬಾರದಲ್ವಾ? ತಲೆ ತಿರುಚಿದ, ಸುತ್ತು ಹಾಕುವ ಹಕ್ಕಿ ಕಂಡರೆ ವೀಡಿಯೋ ಮಾಡಿ ಅವತ್ತೇ ಕಳಿಸಬೇಕು.

ಸೊನ್ನೆ ಬರೆಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹೊಸದಾಗಿ ಬಂದವರು "ಏನೂ ಇಲ್ಲದ್ದನ್ನು ಏನಂತ ಬರೆಯೋದು?" ಎಂದು ಕೇಳುತ್ತಾರೆ. ಎರಡು ತಿಂಗಳು ಸೊನ್ನೆಯನ್ನೇ ಬರೆದರೆ ಯಾರಿಗಾದರೂ ಬೇಸರ ಬರುತ್ತದೆ. ಹಾಗಾಗಿ ಹೊಸಬರನ್ನು ಮೊದಲ ವಾರ ಕಾವಲಿನ ಹಿರಿಯರ ಜೊತೆ ನಡೆಯಲು ಕಳಿಸುತ್ತೇವೆ. ಅವರ ಪುಸ್ತಕದ ಆ ಪುಟದ ನಕಲನ್ನು ಅವರ ಒಪ್ಪಿಗೆ ಪಡೆದು ಗೋಡೆಗೆ ಹಾಕಿದ್ದೇವೆ.

ಮುಂದಿನ ಗೂಡಿನ ಕಾಲದ ಮೊದಲ ಹಾಳೆ ನನ್ನ ಹತ್ತಿರ ಇದೆ. ಪೂರ್ತಿ ನಡೆದಿದ್ದಾರೆ. ಬದುಕಿರುವ ಗಲ್ 212, ರೀವ 38. ಸತ್ತ ಗಲ್ 0, ಸತ್ತ ರೀವ 0, ಸತ್ತ ಬಾತು 1, ಒಣಗಿದ್ದು, ಮಾದರಿ ತೆಗೆದಿಲ್ಲ. ಕೆಳಗೆ ಇಬ್ಬರ ಸಹಿ, ವಿದ್ಯಾರ್ಥಿನಿಯದು ಮತ್ತು ಹಿರಿಯರದು.